ಜನ ಕಡಿಮೆಯಾದ ಊರಿನಲ್ಲಿ ಮನೆ ಏಕೆ ಸಿಗುವುದಿಲ್ಲ? ಅಯೋವಾದ ಆಡಮ್ಸ್ ಕೌಂಟಿಯ ಆಡಳಿತಕ್ಕೆ ಒಂದು ಬಹಿರಂಗ ಪತ್ರ

ಆಡಮ್ಸ್ ಕೌಂಟಿಯ ಮೇಲ್ವಿಚಾರಕ ಮಂಡಳಿಯ ಸದಸ್ಯರಿಗೆ, ಕೌಂಟಿಯ ಕೇಂದ್ರ ಪಟ್ಟಣವಾದ ಕಾರ್ನಿಂಗ್‌ನ ನಗರ ಪರಿಷತ್ತಿಗೆ, ಹಾಗೂ ಈ ಭಾಗವನ್ನು ಪ್ರತಿನಿಧಿಸುವ ಅಯೋವಾ ರಾಜ್ಯದ ಶಾಸಕರಿಗೆ,

ಮಾನ್ಯರೇ,

ಕೌಂಟಿಯ ಮುಂದಿನ ಬಜೆಟ್‌ನಲ್ಲಿ ವಸತಿಗೆಂದೇ ಪ್ರತ್ಯೇಕವಾಗಿ ಹಣ ತೆಗೆದಿರಿಸಬೇಕು, ರಸ್ತೆ ಸೇತುವೆಗಳನ್ನು ನೋಡಿಕೊಳ್ಳುವಂತೆಯೇ ವಾಸಕ್ಕೆ ಯೋಗ್ಯವಾದ ಮನೆಗಳು ಇರುವಂತೆ ನೋಡಿಕೊಳ್ಳುವುದನ್ನೂ ಕೌಂಟಿಯ ಕರ್ತವ್ಯವೆಂದು ಒಪ್ಪಿಕೊಳ್ಳಬೇಕು ಎಂದು ಕೋರಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಜನ ಹೋಗುತ್ತಿರುವುದರಿಂದ ಮನೆ ಕಟ್ಟುವುದು ವ್ಯರ್ಥ ಎಂಬ ಮಾತು ಇಲ್ಲಿ ಎಲ್ಲ ಸಭೆಗಳಲ್ಲೂ ಕೇಳಿಬರುತ್ತದೆ. ನನ್ನ ಅನುಭವ ಇದಕ್ಕೆ ತದ್ವಿರುದ್ಧವಾಗಿದೆ. ಬರಲು ಸಿದ್ಧರಿರುವವರಿಗೆ ಮನೆ ಇಲ್ಲ, ಇರುವವರಿಗೆ ವಯಸ್ಸಿಗೆ ತಕ್ಕ ಮನೆ ಇಲ್ಲ. ಜನ ಕಡಿಮೆಯಾಗುತ್ತಿರುವುದಕ್ಕೆ ಇಂದು ಇದೂ ಒಂದು ದೊಡ್ಡ ಕಾರಣ.

ನಾನು ಕರ್ನಾಟಕದಲ್ಲಿ ಹುಟ್ಟಿ, ಅಲ್ಲಿಯೇ ವೈದ್ಯಕೀಯ ಓದಿ, ಈಗ ನೈಋತ್ಯ ಅಯೋವಾದಲ್ಲಿ ನೆಲೆಸಿರುವ ವೈದ್ಯ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಇದನ್ನು ಕನ್ನಡದಲ್ಲಿಯೂ ಪ್ರಕಟಿಸಲು ಕಾರಣವಿದೆ: ಡಿ ಮೊಯ್ನ್, ಒಮಾಹಾ, ಶಿಕಾಗೊ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೆಚ್ಚಿನವರು ಈ ಕೌಂಟಿಗಳನ್ನು ಹೆದ್ದಾರಿಯ ಕಿಟಕಿಯಿಂದ ಮಾತ್ರ ನೋಡಿದ್ದಾರೆ. ಅವರಲ್ಲಿ ವೈದ್ಯರಿದ್ದಾರೆ, ಇಂಜಿನಿಯರುಗಳಿದ್ದಾರೆ, ಇಲ್ಲಿನ ಮತದಾರರೂ ಇದ್ದಾರೆ. ಅವರಿಗೂ ಈ ವಿಷಯ ತಿಳಿಯಬೇಕು.

ಮೊದಲು ಜನಸಂಖ್ಯೆಯ ಲೆಕ್ಕ. 1900ರ ಜನಗಣತಿಯಲ್ಲಿ ಆಡಮ್ಸ್ ಕೌಂಟಿಯಲ್ಲಿ 13,601 ಜನರಿದ್ದರು. 2020ರಲ್ಲಿ ಉಳಿದವರು 3,704. ಅಯೋವಾದ 99 ಕೌಂಟಿಗಳಲ್ಲಿ ಅತ್ಯಂತ ಕಡಿಮೆ ಜನರಿರುವುದು ಇಲ್ಲಿಯೇ. ಕಾಲು ಭಾಗಕ್ಕಿಂತ ತುಸು ಹೆಚ್ಚು ಜನ ಉಳಿದಿದ್ದಾರೆ ಎಂದರೆ ನಾಲ್ಕು ಮನೆಗಳ ಪೈಕಿ ಮೂರಕ್ಕೆ ಬೀಗ ಬಿದ್ದಿದೆ ಎಂದು ಯಾರಾದರೂ ಊಹಿಸಬಹುದು. ಹಾಗಾಗಿಲ್ಲ. ಆ ಮನೆಗಳಿಗೆ ಬೀಗ ಬಿದ್ದಿಲ್ಲ, ಅವು ನೆಲದ ಮೇಲೆಯೇ ಇಲ್ಲ. ಈ ವ್ಯತ್ಯಾಸವನ್ನು ಗಮನಿಸದಿದ್ದರೆ ಮುಂದಿನ ವಾದ ಅರ್ಥವಾಗುವುದಿಲ್ಲ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಈ ಭೂಮಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಅಳೆದವರು ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಗಳಾಗಿ ಗೆರೆ ಎಳೆದರು. ಒಂದೊಂದು ಚೌಕ 640 ಎಕರೆ. ಅದರ ಕಾಲು ಭಾಗವಾದ 160 ಎಕರೆ ಒಂದು ಕುಟುಂಬದ ಹೊಟ್ಟೆಪಾಡಿಗೆ ಸಾಕು ಎಂಬುದು ಅಂದಿನ ಅಂದಾಜು. ಹಾಗಾಗಿ ಪ್ರತಿ ಚದರ ಮೈಲಿಗೆ ನಾಲ್ಕೈದು ಒಕ್ಕಲು, ಆ ಒಕ್ಕಲುಗಳ ಮಕ್ಕಳಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ಒಂದೇ ಕೋಣೆಯ ಶಾಲೆ, ಕುದುರೆ ಗಾಡಿಯಲ್ಲಿ ಹೋಗಿ ಸಂಜೆಯೊಳಗೆ ಮರಳಬಹುದಾದ ದೂರದಲ್ಲಿ ಪೇಟೆ, ಕೌಂಟಿಯ ನಡುವೆ ನ್ಯಾಯಾಲಯದ ಕಟ್ಟಡ. ಎತ್ತು ಕುದುರೆಗಳ ಕಾಲಕ್ಕೆ ಈ ಏರ್ಪಾಡು ಸರಿಯಾಗಿತ್ತು. ಟ್ರ್ಯಾಕ್ಟರ್ ಬಂದ ಮೇಲೆ, ಕೊಯ್ದು ಒಕ್ಕುವ ಕಂಬೈನ್ ಯಂತ್ರ ಬಂದ ಮೇಲೆ, ಕಳೆನಾಶಕ ಬಂದ ಮೇಲೆ, 160 ಎಕರೆ ಒಬ್ಬ ರೈತನಿಗೆ ಅರೆಹೊಟ್ಟೆಯ ಮಾತಾಯಿತು. 1935ರಲ್ಲಿ ಅಯೋವಾದಲ್ಲಿ ಎರಡು ಲಕ್ಷ ಇಪ್ಪತ್ತು ಸಾವಿರದಷ್ಟು ಕೃಷಿ ಹಿಡುವಳಿಗಳಿದ್ದವು. 2022ರ ಕೃಷಿ ಗಣತಿಯಲ್ಲಿ ಉಳಿದವು 86,911. ಇವುಗಳಲ್ಲಿಯೂ ಕೃಷಿಯಿಂದಲೇ ಬದುಕುವವರು ಕೆಲವರು ಮಾತ್ರ. ಇಂದು ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಒಬ್ಬ ರೈತ ಒಂದು ಸಾವಿರ ಎಕರೆಯನ್ನು ಮಗನೊಬ್ಬನ ನೆರವಿನಿಂದ ಸಂಭಾಳಿಸಬಲ್ಲ. ಪಕ್ಕದ ಜಮೀನನ್ನು ಕೊಂಡವನಿಗೆ ಅಲ್ಲಿದ್ದ ಮನೆ ಬೇಕಿರಲಿಲ್ಲ. ಅದು ಬಿತ್ತನೆಯ ಸಾಲಿಗೆ ಅಡ್ಡವಾಗಿತ್ತು, ಅದರ ಮೇಲೆ ತೆರಿಗೆಯೂ ಬೀಳುತ್ತಿತ್ತು. ಬುಲ್‌ಡೋಜರ್ ತಂದು ಕೆಡವಿ, ನೆಲಮಾಳಿಗೆಯ ಹಳ್ಳ ಮುಚ್ಚಿ, ಉತ್ತು ಬಿತ್ತಿದರು.

ಮೇ ತಿಂಗಳ ಕೊನೆಯಲ್ಲಿ ಕಾರ್ನಿಂಗ್‌ನ ಉತ್ತರಕ್ಕಿರುವ ಜಲ್ಲಿ ರಸ್ತೆಗಳಲ್ಲಿ ಹೋದರೆ ಆ ಮನೆಗಳಿದ್ದ ಜಾಗಗಳನ್ನು ಈಗಲೂ ಗುರುತಿಸಬಹುದು. ಗಾಳಿ ತಡೆಯಲೆಂದು ಮನೆಯ ವಾಯವ್ಯಕ್ಕೆ ನೆಟ್ಟ ಮರಗಳ ಸಾಲು ಅಲ್ಲಲ್ಲಿ ಉಳಿದಿದೆ. ರಸ್ತೆಯ ಪಕ್ಕದ ಚರಂಡಿಯ ಮೇಲೆ, ಎಲ್ಲಿಗೂ ಹೋಗದ ಒಂದು ಮೋರಿ ಸೇತುವೆ. ಅದರಾಚೆ ಮೊಣಕಾಲೆತ್ತರದ ಹುಲ್ಲಿನ ನಡುವೆ ಪಿಯೋನಿ ಗಿಡಗಳು ನೇರವಾದ ಸಾಲಿನಲ್ಲಿ ದಪ್ಪನೆಯ ಗುಲಾಬಿ ಹೂ ಬಿಟ್ಟಿರುತ್ತವೆ. ಯಾವುದೋ ಗೃಹಿಣಿ ಅಂಗಳದ ಕಾಲುದಾರಿಯ ಅಂಚಿಗೆ ನೆಟ್ಟ ಗಿಡಗಳು ಅವು. ಪಿಯೋನಿ ನೂರು ವರ್ಷ ಬದುಕುತ್ತದೆ, ಮನೆ ಅಷ್ಟು ಕಾಲ ಬದುಕಲಿಲ್ಲ. ಆ ಸಾಲನ್ನು ನೋಡಿದರೆ ಬಾಗಿಲು ಯಾವ ದಿಕ್ಕಿಗಿತ್ತು ಎಂದು ಕೂಡ ಹೇಳಬಹುದು.

ಈ ನಿಧಾನವಾದ ಕರಗುವಿಕೆಯ ಮೇಲೆ 1980ರ ದಶಕದ ಕೃಷಿ ಬಿಕ್ಕಟ್ಟು ಬಂದೆರಗಿತು. ಎಪ್ಪತ್ತರ ದಶಕದಲ್ಲಿ ಬೇಲಿಯಿಂದ ಬೇಲಿಯವರೆಗೆ ಬಿತ್ತಿ ಎಂದು ಕೇಂದ್ರ ಸರ್ಕಾರವೇ ಹುರಿದುಂಬಿಸಿತ್ತು. ರೈತರು ಏರುತ್ತಿದ್ದ ಭೂಮಿಯ ಬೆಲೆಯನ್ನು ನಂಬಿ ಸಾಲ ಮಾಡಿದರು. 1980ರ ಜನವರಿಯಲ್ಲಿ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಮಾರಾಟಕ್ಕೆ ನಿರ್ಬಂಧ ಬಿತ್ತು. ಅದೇ ವರ್ಷದ ಕೊನೆಗೆ ಬ್ಯಾಂಕುಗಳ ಮೂಲ ಬಡ್ಡಿದರ ಶೇಕಡಾ 20ನ್ನು ದಾಟಿತು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಮೀಕ್ಷೆಯ ಪ್ರಕಾರ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಭೂಮಿಯ ಬೆಲೆ 1986ರಲ್ಲಿ 787 ಡಾಲರಿಗೆ ಕುಸಿಯಿತು. ಆಡಮ್ಸ್ ಕೌಂಟಿಯಲ್ಲಿ 1980ರಲ್ಲಿ 5,731 ಜನರಿದ್ದರು, 1990ರ ಹೊತ್ತಿಗೆ 4,866. ಹತ್ತು ವರ್ಷಗಳಲ್ಲಿ ಏಳು ಜನರಲ್ಲಿ ಒಬ್ಬರು ಹೋದರು. ಹೋದವರು ಬಹುತೇಕ ಮಕ್ಕಳು ಮರಿ ಇದ್ದ ಇಪ್ಪತ್ತೈದು, ಮೂವತ್ತೈದರ ದಂಪತಿಗಳು. ಅಂದರೆ ಹೋದದ್ದು ಒಂದು ತಲೆಮಾರು ಮಾತ್ರವಲ್ಲ, ಅದಕ್ಕೆ ಹುಟ್ಟಬೇಕಿದ್ದ ಮುಂದಿನ ತಲೆಮಾರೂ ಹೌದು. ಆಗ ಇಲ್ಲಿ ಉಳಿದವರು ಇಂದು ಎಂಬತ್ತರ ಆಸುಪಾಸಿನವರು. ನನ್ನ ಕೋಣೆಗೆ ಬರುವ ರೋಗಿಗಳಲ್ಲಿ ಅವರೇ ಹೆಚ್ಚು.

ಇಲ್ಲಿಯವರೆಗಿನ ಇತಿಹಾಸ ತಮಗೆ ನನಗಿಂತ ಚೆನ್ನಾಗಿ ತಿಳಿದಿದೆ. ತಮ್ಮಲ್ಲಿ ಹಲವರ ಮನೆತನಗಳೇ ಅದನ್ನು ಅನುಭವಿಸಿವೆ. ನನ್ನ ಕೋರಿಕೆ ಅದರ ಮುಂದಿನ ಅಧ್ಯಾಯದ ಬಗ್ಗೆ.

ಇಂದಿನ ಸ್ಥಿತಿಯಲ್ಲಿ ಕೆಲಸ ಇಲ್ಲದೆ ಜನ ಹೋಗುತ್ತಿದ್ದಾರೆ ಎಂಬುದು ಪೂರ್ತಿ ನಿಜವಲ್ಲ. ಆಸ್ಪತ್ರೆಗೆ ದಾದಿಯರು ಬೇಕು, ಶಾಲೆಗೆ ಗಣಿತದ ಶಿಕ್ಷಕರು ಬೇಕು, ಕಾರ್ನಿಂಗ್‌ನ ಎಥನಾಲ್ ಕಾರ್ಖಾನೆಗೆ ತಂತ್ರಜ್ಞರು ಬೇಕು, ಕೌಂಟಿಯ ರಸ್ತೆ ವಿಭಾಗಕ್ಕೆ ಗ್ರೇಡರ್ ಓಡಿಸುವವರು ಬೇಕು, ವೃದ್ಧಾಶ್ರಮಕ್ಕೆ ರಾತ್ರಿ ಪಾಳಿಯವರು ಬೇಕು. ಕೆಲಸ ಸಿಕ್ಕವರು ಮೊದಲು ಮಾಡುವುದು ಮನೆ ಹುಡುಕುವುದು. ಸಿಗುವುದಿಲ್ಲ. ಕ್ರೆಸ್ಟನ್‌ನಲ್ಲೋ ಇನ್ನೂ ದೂರದಲ್ಲೋ ಬಾಡಿಗೆ ಹಿಡಿದು ದಿನವೂ ಮೂವತ್ತು ನಲವತ್ತು ಮೈಲಿ ಓಡಾಡುತ್ತಾರೆ. ಜನವರಿಯ ಹಿಮಗಾಳಿಯಲ್ಲಿ 34ನೆಯ ಹೆದ್ದಾರಿಯ ಮೇಲೆ ಒಂದೆರಡು ಚಳಿಗಾಲ ಹೀಗೆ ಓಡಾಡಿದ ಮೇಲೆ, ಮನೆಯ ಹತ್ತಿರವೇ ಕೆಲಸ ಹುಡುಕಿಕೊಂಡು ಇಲ್ಲಿಯ ಕೆಲಸ ಬಿಡುತ್ತಾರೆ. ನನ್ನೊಂದಿಗೆ ಕೆಲಸ ಮಾಡಿದ ಒಳ್ಳೊಳ್ಳೆಯ ದಾದಿಯರು ಹೀಗೆ ಹೋದುದನ್ನು ನೋಡಿದ್ದೇನೆ. ಸಂಬಳ ಅವರಿಗೆ ಕಡಿಮೆ ಎನಿಸಿರಲಿಲ್ಲ.

ನಾನು ಈ ಭಾಗಕ್ಕೆ ಬಂದಾಗ ನನಗೂ ಬಾಡಿಗೆಗೆ ಸಿಕ್ಕಿದ್ದು ಒಂದೇ ಮನೆ. ಅದರ ನೆಲಮಾಳಿಗೆಯ ಗೋಡೆ ಒಳಕ್ಕೆ ಬಾಗಿತ್ತು, ಮಳೆ ಬಂದಾಗಲೆಲ್ಲ ಮನೆ ಬೆಚ್ಚಗಿಡುವ ಕುಲುಮೆಯ ಕಾಲಡಿಯಲ್ಲಿ ನೀರು ನಿಲ್ಲುತ್ತಿತ್ತು, ಪಿಂಗಾಣಿ ಗುಂಡಿಗಳ ಮೇಲೆ ಬಿಗಿದ ಹಳೆಯ ಕಾಲದ ವಿದ್ಯುತ್ ತಂತಿಗಳು ತೊಲೆಗಳ ಉದ್ದಕ್ಕೂ ಹಾದುಹೋಗಿದ್ದವು. ಮಾಲೀಕರು ದೂರದ ರಾಜ್ಯದಲ್ಲಿದ್ದರು, ಅಜ್ಜಿಯಿಂದ ಬಂದ ಆ ಮನೆಯನ್ನು ಅವರು ವರ್ಷಗಳಿಂದ ನೋಡಿಯೇ ಇರಲಿಲ್ಲ. ಅದನ್ನು ಬಿಟ್ಟರೆ ಬೇರೆ ಇರಲಿಲ್ಲವಾದ್ದರಿಂದ ಹಿಡಿದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಜನಗಣತಿಯ ಪಟ್ಟಿಯಲ್ಲಿ 'ಖಾಲಿ ಮನೆ' ಎಂದು ದಾಖಲಾಗುವ ಕಟ್ಟಡಗಳು ಬಹುಮಟ್ಟಿಗೆ ಇದಕ್ಕಿಂತಲೂ ಕೆಟ್ಟ ಸ್ಥಿತಿಯವು ಎಂಬುದನ್ನು ತೋರಿಸಲು ಹೇಳುತ್ತಿದ್ದೇನೆ. ಅಯೋವಾದ ಮನೆಗಳಲ್ಲಿ ಸುಮಾರು ಕಾಲು ಭಾಗ 1940ಕ್ಕೆ ಮೊದಲೇ ಕಟ್ಟಿದಂಥವು. ಕೃಷಿ ಕೌಂಟಿಗಳಲ್ಲಿ ಆ ಪ್ರಮಾಣ ಇನ್ನೂ ಹೆಚ್ಚು. ಖಾಲಿ ಮನೆಗಳ ಸಂಖ್ಯೆಯನ್ನು ತೋರಿಸಿ ವಸತಿಯ ಕೊರತೆಯೇ ಇಲ್ಲ ಎನ್ನುವವರು ಆ ಮನೆಗಳೊಳಗೆ ಒಮ್ಮೆ ಹೋಗಿ ನೋಡಬೇಕು.

ಹಾಗಾದರೆ ಹೊಸ ಮನೆಗಳನ್ನು ಏಕೆ ಯಾರೂ ಕಟ್ಟುವುದಿಲ್ಲ? ಲೆಕ್ಕವೇ ಕೂಡುವುದಿಲ್ಲ. ಸಿಮೆಂಟು, ಮರ, ಬಡಗಿಯ ಕೂಲಿ, ಇವು ಡಿ ಮೊಯ್ನ್‌ನಲ್ಲಿ ಎಷ್ಟೋ ಇಲ್ಲಿಯೂ ಅಷ್ಟೇ. ಗುತ್ತಿಗೆದಾರ ತೊಂಬತ್ತು ಮೈಲಿ ದೂರದಿಂದ ಬರಬೇಕಾದರೆ ಇಲ್ಲಿಯೇ ಹೆಚ್ಚು. ಆದರೆ ಕಟ್ಟಿದ ಮನೆಯ ಬೆಲೆಯನ್ನು ಬ್ಯಾಂಕಿನ ಮೌಲ್ಯಮಾಪಕರು ಸುತ್ತಮುತ್ತ ಮಾರಾಟವಾದ ಹಳೆಯ ಮನೆಗಳ ಬೆಲೆಯೊಂದಿಗೆ ಹೋಲಿಸಿ ನಿಗದಿ ಮಾಡುತ್ತಾರೆ. ಮೂರು ಲಕ್ಷ ಡಾಲರ್ ಖರ್ಚು ಮಾಡಿ ಕಟ್ಟಿದ ಮನೆಗೆ ಎರಡು ಲಕ್ಷ ಇಪ್ಪತ್ತು ಸಾವಿರದ ಬೆಲೆ ಕಟ್ಟಿದರು ಎಂದಿಟ್ಟುಕೊಳ್ಳೋಣ. ಬೆಲೆಯ ಶೇಕಡಾ 80ರಷ್ಟು ಸಾಲ ಎಂದರೆ ಬ್ಯಾಂಕು ಕೊಡುವುದು ಒಂದು ಲಕ್ಷ ಎಪ್ಪತ್ತಾರು ಸಾವಿರ. ಉಳಿದ ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರವನ್ನು ಯಾವ ಯುವ ಶಿಕ್ಷಕಿ ಕೈಯಿಂದ ಹಾಕಬಲ್ಲಳು? ನಗರದ ಅಂಚಿನಲ್ಲಿ ಇದೇ ಮನೆಗೆ ಅರವತ್ತು ಸಾವಿರ ಸಾಕಾಗುತ್ತಿತ್ತು. ಹೀಗೆ ಹೊಸ ಮನೆ ಕಟ್ಟುವವರಿಲ್ಲ. ಹೊಸ ಮನೆ ಮಾರಾಟವಾಗದ ಕಾರಣ ಹೋಲಿಕೆಗೆ ಸಿಗುವುದು ಮತ್ತೆ ಹಳೆಯ ಮನೆಗಳೇ, ಆದ್ದರಿಂದ ಮುಂದಿನ ವರ್ಷದ ಬೆಲೆಯೂ ಅಷ್ಟಕ್ಕೇ ನಿಲ್ಲುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತಹ ಈ ಸ್ಥಿತಿಯನ್ನು ಮಾರುಕಟ್ಟೆ ತಾನಾಗಿಯೇ ಸರಿಪಡಿಸಿಕೊಳ್ಳುವುದಿಲ್ಲ. ಮೊದಲ ಹತ್ತು ಹದಿನೈದು ಮನೆಗಳ ಅಂತರವನ್ನು ಯಾರಾದರೂ ತುಂಬಿಕೊಡಬೇಕು, ಆ ಕೆಲಸಕ್ಕೆ ಸಾರ್ವಜನಿಕ ಹಣವೇ ಬೇಕು.

ಇನ್ನೊಂದು ವಿಷಯವನ್ನು ವೈದ್ಯನಾಗಿ ಹೇಳಲೇಬೇಕಾಗಿದೆ, ಇದು ಬಜೆಟ್ ಪಟ್ಟಿಗಳಲ್ಲಿ ಕಾಣಿಸುವುದಿಲ್ಲ. ತೊಂಬತ್ತರ ಹತ್ತಿರದ ವಿಧವೆಯೊಬ್ಬರು ಎರಡು ಅಂತಸ್ತಿನ ಮನೆಯಲ್ಲಿ ಒಬ್ಬರೇ ಇರುವುದು ಈ ಭಾಗದಲ್ಲಿ ತೀರ ಸಾಮಾನ್ಯ. ಮೆಟ್ಟಿಲು ಹತ್ತಲಾಗದು ಎಂದು ಮಂಚವನ್ನು ಊಟದ ಕೋಣೆಗೆ ತಂದಿರುತ್ತಾರೆ. ಮೇಲಿನ ನಾಲ್ಕು ಕೋಣೆಗಳ ಬಾಗಿಲಿನ ಸಂದಿಗೆ ಚಳಿ ಇಳಿಯದಂತೆ ಹಳೆಯ ಬಟ್ಟೆ ತುರುಕಿರುತ್ತಾರೆ. ಸ್ನಾನದ ತೊಟ್ಟಿಯ ಅಂಚನ್ನು ದಾಟಲು ಹೆದರಿ ವಾರಗಟ್ಟಲೆ ಅಡುಗೆಮನೆಯ ತೊಟ್ಟಿಯ ಬಳಿಯೇ ಮೈ ಒರೆಸಿಕೊಳ್ಳುತ್ತಾರೆ. ಸೊಂಟದ ಮೂಳೆ ಮುರಿದು ನನ್ನ ಬಳಿ ಬಂದ ಮೇಲೆ ಈ ವಿವರಗಳೆಲ್ಲ ಹೊರಬೀಳುತ್ತವೆ. ಈ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗಬಾರದೆ ಎಂದು ಕೇಳಿದರೆ, ಎಲ್ಲಿಗೆ ಹೋಗಲಿ ಎಂದು ನನ್ನನ್ನೇ ಕೇಳುತ್ತಾರೆ. ಅವರ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಮೆಟ್ಟಿಲಿಲ್ಲದ, ಅಗಲ ಬಾಗಿಲಿನ, ಎರಡು ಕೋಣೆಯ ಒಂದು ಮನೆ ಅವರ ಚರ್ಚಿನ ಹತ್ತಿರ, ಗೆಳತಿಯರ ಹತ್ತಿರ ಇದ್ದಿದ್ದರೆ ಅವರು ಐದು ವರ್ಷದ ಹಿಂದೆಯೇ ಸಂತೋಷದಿಂದ ಹೋಗುತ್ತಿದ್ದರು. ಅವರ ನಾಲ್ಕು ಕೋಣೆಗಳ ಮನೆ ಮೂರು ಮಕ್ಕಳಿರುವ ಯಾವುದಾದರೂ ಕುಟುಂಬಕ್ಕೆ ಸಿಗುತ್ತಿತ್ತು. ವೃದ್ಧರಿಗಾಗಿ ಕಟ್ಟುವ ಒಂದು ಚಿಕ್ಕ ಮನೆ ಹೀಗೆ ಎರಡು ಕುಟುಂಬಗಳಿಗೆ ಮನೆ ಒದಗಿಸುತ್ತದೆ. ಹೊಸ ವಸತಿ ಎಂದರೆ ಹೊರಗಿನಿಂದ ಬರುವವರಿಗೆ ಮಾತ್ರ ಎಂದು ಭಾವಿಸಿರುವವರು ದಯವಿಟ್ಟು ಇದನ್ನು ಯೋಚಿಸಬೇಕು.

ಬರುವವರ ಬಗ್ಗೆಯೂ ಒಂದು ಮಾತು, ಏಕೆಂದರೆ ನಾನು ಅವರಲ್ಲಿ ಒಬ್ಬ. ಭಾರತದಿಂದ ಬಂದು ಇಲ್ಲಿ ತರಬೇತಿ ಮುಗಿಸಿದ ವೈದ್ಯರಲ್ಲಿ ಹಲವರು ಗ್ರಾಮೀಣ ಆಸ್ಪತ್ರೆಗಳನ್ನು ಸೇರುವುದು 1994ರಲ್ಲಿ ಆರಂಭವಾದ ಕಾನ್ರಾಡ್ ಯೋಜನೆಯಡಿ. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಕೆಲಸ ಮಾಡಿದರೆ, ತರಬೇತಿಯ ವೀಸಾ ಮುಗಿದ ಕೂಡಲೇ ಸ್ವದೇಶಕ್ಕೆ ಮರಳಬೇಕೆಂಬ ನಿಯಮದಿಂದ ವಿನಾಯಿತಿ ಸಿಗುತ್ತದೆ. ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ಜನರ ಮಿತಿಯಿದೆ. ಮೂರು ವರ್ಷದ ಒಪ್ಪಂದದ ಮೇಲೆ ಬಂದವರು, ಅದರಲ್ಲೂ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿಯಿಂದಾಗಿ ಕಾಯಂ ವಾಸದ ಹಸಿರು ಕಾರ್ಡಿಗೆ ದಶಕಗಟ್ಟಲೆ ಕಾಯಬೇಕಾದ ಭಾರತೀಯರು, ಬಂದ ತಿಂಗಳಲ್ಲೇ ಮೂವತ್ತು ವರ್ಷದ ಸಾಲ ಮಾಡಿ ಮನೆ ಕೊಳ್ಳುವುದು ಸಾಧ್ಯವಿಲ್ಲ. ಅವರಿಗೆ ಬೇಕಾದದ್ದು ಒಂದು ಒಳ್ಳೆಯ ಬಾಡಿಗೆ ಮನೆ. ಅದು ಸಿಕ್ಕರೆ ಮಕ್ಕಳು ಇಲ್ಲಿನ ಶಾಲೆ ಸೇರುತ್ತಾರೆ, ಮೂರು ವರ್ಷದಲ್ಲಿ ಬೇರು ಇಳಿಯುತ್ತದೆ, ಆಮೇಲೆ ಕೊಳ್ಳುವ ಮಾತು. ಸಿಗದಿದ್ದರೆ ಹೆಂಡತಿ ಮಕ್ಕಳನ್ನು ಒಮಾಹಾದಲ್ಲಿಯೋ ವೆಸ್ಟ್ ಡಿ ಮೊಯ್ನ್‌ನಲ್ಲಿಯೋ ಬಿಟ್ಟು ಒಂಟಿಯಾಗಿ ಇದ್ದು, ಮೂರು ವರ್ಷ ಮುಗಿದ ಮರುದಿನವೇ ಹೊರಡುತ್ತಾರೆ. ಆಸ್ಪತ್ರೆ ಮತ್ತೆ ಹೊಸ ವೈದ್ಯರನ್ನು ಹುಡುಕುತ್ತದೆ, ರೋಗಿಗಳು ಮತ್ತೆ ಮೊದಲಿನಿಂದ ತಮ್ಮ ಕಾಯಿಲೆಯ ಕಥೆ ಹೇಳುತ್ತಾರೆ. ಇಪ್ಪತ್ತೈದು ಹಾಸಿಗೆಗಳ ಮಿತಿಯೊಳಗೆ ನಡೆಯುವ ಇಂತಹ ಚಿಕ್ಕ ಆಸ್ಪತ್ರೆಗಳು ವೈದ್ಯರಿಲ್ಲದೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಆಸ್ಪತ್ರೆ ಹೋದರೆ ಏನಾಗುತ್ತದೆ ಎಂದು ತಮಗೆ ಹೇಳಬೇಕಾಗಿಲ್ಲ.

ಜನ ಬಂದರೆ ಊರು ಚೇತರಿಸಿಕೊಳ್ಳುತ್ತದೆಯೇ ಎಂಬ ಸಂದೇಹಕ್ಕೆ ಉತ್ತರ ಇದೇ ರಾಜ್ಯದಲ್ಲಿದೆ. 2010 ಮತ್ತು 2020ರ ನಡುವೆ ಅಯೋವಾದ 99 ಕೌಂಟಿಗಳಲ್ಲಿ 68ರ ಜನಸಂಖ್ಯೆ ಇಳಿಯಿತು. ಏರಿದವುಗಳಲ್ಲಿ ಡಿ ಮೊಯ್ನ್‌ನ ಪಕ್ಕದ ಡಲ್ಲಾಸ್ ಕೌಂಟಿ 66,135ರಿಂದ 99,678ಕ್ಕೆ ಹೋದದ್ದು ನಗರದ ಕಥೆ, ಅದು ನಮಗೆ ಮಾದರಿಯಲ್ಲ. ಆದರೆ ನಗರದಿಂದ ದೂರವಿರುವ ಬ್ಯೂನಾ ವಿಸ್ಟಾ ಕೌಂಟಿಯೂ ಬೆಳೆಯಿತು. ಅಲ್ಲಿನ ಸ್ಟಾರ್ಮ್ ಲೇಕ್ ಪಟ್ಟಣದ ಮಾಂಸ ಸಂಸ್ಕರಣಾ ಘಟಕಗಳಿಗೆ ಮೆಕ್ಸಿಕೊದಿಂದ, ಲಾವೋಸ್‌ನಿಂದ, ಇನ್ನೂ ಎಲ್ಲೆಲ್ಲಿಂದಲೋ ಬಂದವರು ಅಲ್ಲಿಯ ಶಾಲೆಗಳನ್ನು ತುಂಬಿದರು, ಮುಖ್ಯಬೀದಿಯ ಅಂಗಡಿಗಳಿಗೆ ಮತ್ತೆ ದೀಪ ಬಂತು. ಕ್ರಾಫರ್ಡ್ ಕೌಂಟಿಯ ಡೆನಿಸನ್‌ನಲ್ಲಿ ಹತ್ತಿರತ್ತಿರ ಅರ್ಧದಷ್ಟು ಜನ ಲ್ಯಾಟಿನೊ ಮೂಲದವರು. ಆ ಊರುಗಳಲ್ಲಿಯೂ ಮನೆಗಳ ಕೊರತೆ ಇದೆ, ತೊಂದರೆಗಳೂ ಇವೆ, ಮಾಂಸ ಕಾರ್ಖಾನೆಯ ಕೆಲಸ ಮೈ ಮುರಿಯುವ ಕೆಲಸ. ಅವನ್ನು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಆದರೂ ಅಲ್ಲಿ ಶಿಶುವಿಹಾರದ ತರಗತಿ ತುಂಬಿದೆ. ಕಾರ್ನಿಂಗ್ ಮತ್ತು ಪಕ್ಕದ ಕೌಂಟಿಯ ವಿಲಿಸ್ಕಾ ಎರಡೂ ಸೇರಿ ಸೌತ್‌ವೆಸ್ಟ್ ವ್ಯಾಲಿ ಎಂಬ ಒಂದೇ ಹೆಸರಿನಲ್ಲಿ ಮಕ್ಕಳನ್ನು ಹಂಚಿಕೊಂಡು ಶಾಲೆ ನಡೆಸಬೇಕಾಗಿ ಬಂದಿರುವುದನ್ನು ಇದರ ಪಕ್ಕಕ್ಕಿಟ್ಟು ನೋಡಿ.

ಹೊರಗಿನವರು ಬಂದು ಒಟ್ಟಾಗಿ ನೆಲೆ ನಿಲ್ಲುವುದು ಈ ಕೌಂಟಿಗೆ ಹೊಸದೂ ಅಲ್ಲ. 1850ರ ದಶಕದಲ್ಲಿ ಎತಿಯೆನ್ ಕಾಬೆ ಎಂಬ ಫ್ರೆಂಚ್ ಚಿಂತಕನ ಅನುಯಾಯಿಗಳಾದ ಇಕೇರಿಯನ್ನರು ಇಲಿನಾಯ್‌ನ ನಾವೂ ಪಟ್ಟಣವನ್ನು ಬಿಟ್ಟು ಇದೇ ನೆಲಕ್ಕೆ ಬಂದರು. ಆಸ್ತಿಯೆಲ್ಲ ಎಲ್ಲರದೂ ಎಂದು ನಂಬಿದ್ದ ಅವರು ಸಾಮೂಹಿಕ ಭೋಜನಶಾಲೆಯೊಂದನ್ನು ನಡುವೆ ಇಟ್ಟುಕೊಂಡು ಬದುಕಿದರು. ಅವರ ಮಾತು ಫ್ರೆಂಚ್, ಕೈಯಲ್ಲಿ ಹಣವೂ ಹೆಚ್ಚಿರಲಿಲ್ಲ. ಆದರೂ ಆ ಸಮುದಾಯ 1898ರವರೆಗೆ ಉಳಿಯಿತು. ಇಂದು ಕೌಂಟಿಯ ದೊಡ್ಡ ಕೆರೆಗೆ ತಾವು ಇಟ್ಟಿರುವ ಹೆಸರು ಇಕೇರಿಯಾ.

ಈಗ ಏನು ಮಾಡಬಹುದು ಎಂಬ ವಿಚಾರ. ಮೊದಲನೆಯದಾಗಿ, ಕೈಬಿಟ್ಟ ಮನೆಗಳು. ಅಯೋವಾ ಸಂಹಿತೆಯ 657ಎ ಅಧ್ಯಾಯದ ಪ್ರಕಾರ, ವಾರಸುದಾರರು ನೋಡಿಕೊಳ್ಳದೆ ಬಿಟ್ಟ ಕಟ್ಟಡದ ಒಡೆತನವನ್ನು ನ್ಯಾಯಾಲಯದ ಮೂಲಕ ಪಡೆಯುವ ಅಧಿಕಾರ ನಗರಗಳಿಗಿದೆ. ಆದರೆ ನೂರು ಜನರೂ ಇರದ ನಾಡವೇ ಅಥವಾ ಕಾರ್ಬನ್‌ನಂತಹ ಊರು ವಕೀಲರಿಗೆ ಎಲ್ಲಿಂದ ಹಣ ತರುವುದು, ಕೆಡವುವ ಮೊದಲು ಆಸ್‌ಬೆಸ್ಟಾಸ್ ತಪಾಸಣೆಯ ಖರ್ಚನ್ನು ಎಲ್ಲಿಂದ ಭರಿಸುವುದು? ಕೌಂಟಿಯೇ ಒಬ್ಬ ವಕೀಲರನ್ನು ಈ ಕೆಲಸಕ್ಕೆ ಗೊತ್ತುಪಡಿಸಿ, ಎಲ್ಲ ಊರುಗಳ ಪರವಾಗಿ ಪಟ್ಟಿ ಮಾಡಿ, ಸರಿಪಡಿಸಬಹುದಾದ ಮನೆಗಳನ್ನು ಸರಿಪಡಿಸಿ, ಉಳಿದವನ್ನು ತೆಗೆದು ನಿವೇಶನಗಳನ್ನು ಸಿದ್ಧಮಾಡಬಹುದು. ಆ ನಿವೇಶನಗಳಿಗೆ ನೀರು, ಚರಂಡಿ, ವಿದ್ಯುತ್ ಸಂಪರ್ಕಗಳು ಈಗಾಗಲೇ ಇವೆ. ಊರ ಹೊರಗೆ ಹೊಸ ಬಡಾವಣೆ ಮಾಡುವುದಕ್ಕಿಂತ ಇದು ಅಗ್ಗ.

ಆ ನಿವೇಶನಗಳಲ್ಲಿ ಮನೆ ಕಟ್ಟುವವರು ಯಾರು ಎಂಬ ಪ್ರಶ್ನೆಗೂ ದಾರಿಗಳಿವೆ. ನ್ಯೂಟನ್‌ನ ಸೆರೆಮನೆಯಲ್ಲಿ ಕೈದಿಗಳು ಕಸುಬು ಕಲಿಯುತ್ತಾ ಪೂರ್ಣ ಮನೆಗಳನ್ನೇ ಕಟ್ಟುತ್ತಿದ್ದಾರೆ. 'ಹೋಮ್ಸ್ ಫಾರ್ ಅಯೋವಾ' ಎಂಬ ಈ ಯೋಜನೆಯಡಿ ಅವುಗಳನ್ನು ಲಾರಿಯ ಮೇಲೆ ಸಾಗಿಸಿ ಗ್ರಾಮೀಣ ಊರುಗಳ ಅಡಿಪಾಯದ ಮೇಲೆ ಇಳಿಸುತ್ತಾರೆ. ಗುತ್ತಿಗೆದಾರರೇ ಸಿಗದ ನಮ್ಮಂತಹ ಕೌಂಟಿಗೆ ಇದಕ್ಕಿಂತ ಸೂಕ್ತವಾದುದನ್ನು ನಾನು ಕಾಣೆ. ದುಡಿಯುವವರಿಗೆ ಮನೆ ಕಟ್ಟಿಕೊಡುವವರಿಗಾಗಿ ಇರುವ ರಾಜ್ಯದ ಉದ್ಯೋಗಿ ವಸತಿ ತೆರಿಗೆ ರಿಯಾಯಿತಿಯಲ್ಲಿ ಹೆಚ್ಚು ಜನಸಂಖ್ಯೆಯ 11 ಕೌಂಟಿಗಳನ್ನು ಬಿಟ್ಟು ಉಳಿದ 88 ಕೌಂಟಿಗಳ ಊರುಗಳಿಗೆಂದು ಪ್ರತ್ಯೇಕ ಪಾಲಿದೆ. ಆ ಪಾಲಿಗೆ ಅರ್ಜಿ ಹಾಕಲು ಒಬ್ಬ ಪೂರ್ಣಾವಧಿಯ ಅಧಿಕಾರಿ ಬೇಕು. ಮುಖ್ಯಬೀದಿಯ ಇಟ್ಟಿಗೆ ಕಟ್ಟಡಗಳ ಮೇಲಿನ ಅಂತಸ್ತುಗಳು ದಶಕಗಳಿಂದ ಪಾರಿವಾಳಗಳ ಪಾಲಾಗಿವೆ, ಅಲ್ಲಿ ಬಾಡಿಗೆಯ ಮನೆಗಳನ್ನು ಮಾಡಬಹುದು. ಮುರಿದುಬೀಳುತ್ತಿದ್ದ ಕಾರ್ನಿಂಗ್ ಆಪೆರಾ ಹೌಸನ್ನು ಜನರೇ ಮುಂದಾಗಿ ಹಣ ಕೂಡಿಸಿ ಜೀರ್ಣೋದ್ಧಾರ ಮಾಡಿದ ಊರು ಇದು. ಇಂತಹ ಕೆಲಸ ಇಲ್ಲಿಯವರ ಕೈಯಲ್ಲಿ ಆಗುವುದಿಲ್ಲ ಎಂದು ಯಾರೂ ಹೇಳಲಾರರು.

ಹೊಸದನ್ನು ಕಟ್ಟುವುದರಷ್ಟೇ ಮುಖ್ಯವಾದದ್ದು ಇರುವುದನ್ನು ಉಳಿಸಿಕೊಳ್ಳುವುದು. ಕೇಂದ್ರ ಕೃಷಿ ಇಲಾಖೆ ವಸತಿ ಕಾಯಿದೆಯ 515ನೆಯ ಸೆಕ್ಷನ್ ಅಡಿ ಕೊಟ್ಟ ಸಾಲದಿಂದ 1960ರ ದಶಕದಿಂದೀಚೆಗೆ ದೇಶದಾದ್ಯಂತ ಐದು ಲಕ್ಷಕ್ಕೂ ಹೆಚ್ಚು ಗ್ರಾಮೀಣ ಬಾಡಿಗೆ ಮನೆಗಳು ನಿರ್ಮಾಣವಾದವು. ಸಣ್ಣ ಊರುಗಳ ಅಂಚಿನಲ್ಲಿ ಕಾಣುವ, ಒಂದೇ ಅಂತಸ್ತಿನ ಎಂಟು ಹನ್ನೆರಡು ಮನೆಗಳ ಕಂದುಬಣ್ಣದ ಸಾಲುಗಳು ಬಹುತೇಕ ಇವೇ. ಈ ಯೋಜನೆಯಡಿ ಹೊಸ ಕಟ್ಟಡಗಳಿಗೆ ಹಣ ಬರುವುದು ನಿಂತು ಒಂದು ದಶಕ ಮೀರಿದೆ. ಹಳೆಯವುಗಳ ಸಾಲ ಒಂದೊಂದಾಗಿ ತೀರುತ್ತಿದೆ, ಸಾಲ ತೀರಿದೊಡನೆ ಅದಕ್ಕೆ ಅಂಟಿಕೊಂಡಿದ್ದ ಬಾಡಿಗೆಯ ಸಹಾಯಧನವೂ ಸಾಮಾನ್ಯವಾಗಿ ನಿಲ್ಲುತ್ತದೆ. ಪಿಂಚಣಿಯಲ್ಲಿ ಬದುಕುವ ಒಂಟಿ ಹೆಂಗಸರು, ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡುವ ತಾಯಂದಿರು ಇರುವುದು ಇಲ್ಲಿ. ಶಾಸಕರು ಮತ್ತು ಕಾಂಗ್ರೆಸ್ಸಿನ ಸದಸ್ಯರು ಈ ವಿಷಯವನ್ನು ವಾಷಿಂಗ್ಟನ್ನಿನಲ್ಲಿ ಎತ್ತಲೇಬೇಕು. 1930ಕ್ಕೆ ಮೊದಲು ಅಯೋವಾದಿಂದ 11 ಪ್ರತಿನಿಧಿಗಳು ಅಲ್ಲಿಗೆ ಹೋಗುತ್ತಿದ್ದರು, ಈಗ ಹೋಗುವವರು ನಾಲ್ವರು. ಆ ನಾಲ್ವರ ದನಿ ಅಷ್ಟರ ಮಟ್ಟಿಗೆ ಗಟ್ಟಿಯಾಗಿರಬೇಕು.

ಹಣ ಎಲ್ಲಿಂದ ಎಂದು ತಾವು ಕೇಳುವಿರಿ, ಕೇಳಬೇಕಾದದ್ದೇ. ಕಳೆದ ದಶಕದಲ್ಲಿ ಈ ಕೌಂಟಿಯ ದಿಬ್ಬಗಳ ಮೇಲೆ ಗಾಳಿಯಂತ್ರಗಳು ಎದ್ದಿವೆ. ಅಯೋವಾದ ಕಾನೂನು ಕೌಂಟಿಗಳಿಗೆ ಒದಗಿಸಿರುವ ವಿಶೇಷ ಮೌಲ್ಯಮಾಪನದಲ್ಲಿ ಗಾಳಿಯಂತ್ರದ ಮೊದಲ ವರ್ಷದ ತೆರಿಗೆ ಮೌಲ್ಯ ಸೊನ್ನೆ. ನಂತರ ವರ್ಷಕ್ಕೆ ಶೇಕಡಾ 5ರಂತೆ ಏರಿ ಏಳನೆಯ ವರ್ಷಕ್ಕೆ ಮೂಲಬೆಲೆಯ ಶೇಕಡಾ 30ಕ್ಕೆ ನಿಲ್ಲುತ್ತದೆ. ಒಬ್ಬ ನಿವಾಸಿಯೂ ಹೆಚ್ಚಾಗದೆ ಬಂದ ಆದಾಯ ಇದು. ಇದನ್ನೆಲ್ಲ ರಸ್ತೆಗೆ ಹಾಕಬೇಕೆಂಬ ಒತ್ತಡ ತಮ್ಮ ಮೇಲಿದೆ ಎಂದು ಬಲ್ಲೆ. ಅಯೋವಾದ ಕೌಂಟಿಗಳು ಒಟ್ಟು 90,000 ಮೈಲಿಯಷ್ಟು ರಸ್ತೆಗಳನ್ನು ನೋಡಿಕೊಳ್ಳುತ್ತವೆ, ದುರಸ್ತಿಗೆ ಕಾದಿರುವ ಸೇತುವೆಗಳ ಸಂಖ್ಯೆಯಲ್ಲಿ ಈ ರಾಜ್ಯ ದೇಶಕ್ಕೇ ಮೊದಲು. ಧಾನ್ಯದ ಲಾರಿ ಹೋಗಬೇಕಾದ ಸೇತುವೆಯನ್ನು ಬಿಡಿ ಎಂದು ಹೇಳುವಷ್ಟು ಅವಿವೇಕಿ ನಾನಲ್ಲ. ಗಾಳಿಯ ತೆರಿಗೆಯ ಒಂದು ನಿಶ್ಚಿತ ಪಾಲನ್ನು, ಹತ್ತನೆಯ ಒಂದು ಪಾಲಾದರೂ ಸರಿ, ಮನೆಯ ಬೆಲೆ ಮತ್ತು ಖರ್ಚಿನ ನಡುವಣ ಅಂತರ ತುಂಬುವ ನಿಧಿಗೆ ಮೀಸಲಿಡಿ ಎಂದಷ್ಟೇ ಕೋರುತ್ತೇನೆ. ಮನೆ ಮಾರಾಟವಾದಾಗ ಆ ಹಣ ನಿಧಿಗೆ ಮರಳುವಂತೆ ಕರಾರು ಮಾಡಿದರೆ ಅದೇ ಹಣ ಮತ್ತೊಂದು ಮನೆಗೆ ಉಪಯೋಗವಾಗುತ್ತದೆ.

ಜಮೀನಿನ ಒಡೆಯರಿಗೂ ಒಂದು ಮನವಿ. 2022ರ ಸಮೀಕ್ಷೆಯಂತೆ ಅಯೋವಾದ ಕೃಷಿಭೂಮಿಯ ಮೂರನೆಯ ಎರಡು ಭಾಗ 65 ದಾಟಿದವರ ಕೈಯಲ್ಲಿದೆ, ಶೇಕಡಾ 80ಕ್ಕೂ ಹೆಚ್ಚು ಭೂಮಿಯ ಮೇಲೆ ಸಾಲವೇ ಇಲ್ಲ. ಎಂಬತ್ತರ ದಶಕದಲ್ಲಿ 787 ಡಾಲರಿಗೆ ಕುಸಿದಿದ್ದ ಎಕರೆಯ ಸರಾಸರಿ ಬೆಲೆ 2023ರಲ್ಲಿ 11,835 ಡಾಲರ್ ಮುಟ್ಟಿತು; ನಮ್ಮ ದಕ್ಷಿಣದ ಕೌಂಟಿಗಳ ಗುಡ್ಡಗಾಡು ಮಣ್ಣಿಗೆ ಅಷ್ಟು ಬರುವುದಿಲ್ಲವಾದರೂ ಅಂದಿಗೆ ಹೋಲಿಸಿದರೆ ಇದು ಸಂಪತ್ತೇ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಈ ಭೂಮಿಯಲ್ಲಿ ಬಹುಪಾಲು ಕೈ ಬದಲಾಯಿಸುತ್ತದೆ, ಅದರಲ್ಲಿ ಎಷ್ಟೋ ಹೊರರಾಜ್ಯಗಳಲ್ಲಿರುವ ಮಕ್ಕಳ ಹೆಸರಿಗೆ. ಗುತ್ತಿಗೆಯ ಹಣ ಅಲ್ಲಿಗೆ ಹೋಗುತ್ತದೆ. ಹಾಗೆ ಆಗುವ ಮುನ್ನ, ಊರಿನ ಅಂಚಿನ ಒಂದೆರಡು ಎಕರೆಯನ್ನು ಮನೆಗಳಿಗೆಂದು ಕೌಂಟಿಯ ವಸತಿ ನಿಧಿಗೆ ಬರೆದುಕೊಡುವ ಕುಟುಂಬಗಳು ಇಲ್ಲಿ ಖಂಡಿತ ಇವೆ. ಅವರನ್ನು ಯಾರೂ ಕೇಳಿಲ್ಲ, ಅಷ್ಟೆ.

ಕುಗ್ಗುವುದನ್ನು ಒಪ್ಪಿಕೊಂಡು ಗೌರವದಿಂದ ಕುಗ್ಗೋಣ ಎನ್ನುವ ಹಿರಿಯರನ್ನೂ ನಾನು ಬಲ್ಲೆ, ಅವರ ಮಾತಿನಲ್ಲಿ ಹುರುಳಿದೆ. ಈ ಕೌಂಟಿ ಮತ್ತೆ 13,000 ಜನರಿಗೆ ಏರುವುದಿಲ್ಲ. 160 ಎಕರೆಯ ಒಕ್ಕಲುತನ ಮರಳುವುದಿಲ್ಲ. ನಾನು ಕೇಳುತ್ತಿರುವುದು 3,700 ಜನ 3,700 ಆಗಿಯೇ ಉಳಿಯುವುದಕ್ಕೆ ಬೇಕಾದುದನ್ನು. ಅಷ್ಟು ಜನರಿದ್ದರೆ ಒಂದು ಆಸ್ಪತ್ರೆ, ಒಂದು ಶಾಲೆ, ಒಂದು ಕಿರಾಣಿ ಅಂಗಡಿ, ಒಂದು ಔಷಧಿ ಅಂಗಡಿ ನಡೆಯುತ್ತವೆ. 2,500ಕ್ಕೆ ಇಳಿದರೆ ಇವುಗಳಲ್ಲಿ ಯಾವುದು ಮೊದಲು ಮುಚ್ಚುತ್ತದೆ ಎಂಬುದು ಮಾತ್ರ ಪ್ರಶ್ನೆಯಾಗಿ ಉಳಿಯುತ್ತದೆ, ಮತ್ತು ಆಗ ಆ ತೊಂಬತ್ತರ ಮುದುಕಿಯನ್ನು ಗೌರವದಿಂದ ನೋಡಿಕೊಳ್ಳಲು ಇಲ್ಲಿ ಯಾರೂ ಇರುವುದಿಲ್ಲ.

ನಗರಗಳಲ್ಲಿರುವ ಕನ್ನಡಿಗ ಮಿತ್ರರಲ್ಲಿ ನನ್ನ ಕೋರಿಕೆ ಚಿಕ್ಕದು. ವೈದ್ಯಕೀಯ ತರಬೇತಿ ಮುಗಿಸುತ್ತಿರುವವರು ಕೆಲಸ ಹುಡುಕುವಾಗ ಇಂತಹ ಕೌಂಟಿಗಳನ್ನೂ ಒಮ್ಮೆ ಬಂದು ನೋಡಿ, ಬಂದಾಗ ಮನೆಯ ವಿಷಯವನ್ನು ಆಸ್ಪತ್ರೆಯವರ ಮುಂದೆ ಸಂಬಳದಷ್ಟೇ ಗಟ್ಟಿಯಾಗಿ ಎತ್ತಿ. ತಮ್ಮ ತಮ್ಮ ಕ್ಷೇತ್ರದ ಶಾಸಕರಿಗೆ ಗ್ರಾಮೀಣ ವಸತಿಯ ಬಗ್ಗೆ ಬರೆಯಿರಿ. ಡಲ್ಲಾಸ್ ಕೌಂಟಿಯ ಮತದಾರನ ಪತ್ರಕ್ಕೆ ಇಂದು ರಾಜಧಾನಿಯಲ್ಲಿ ಆಡಮ್ಸ್ ಕೌಂಟಿಯ ಮತದಾರನ ಪತ್ರಕ್ಕಿಂತ ತೂಕ ಹೆಚ್ಚು.

ಮಾನ್ಯ ಸದಸ್ಯರೇ, ಹೊಸ ಹಣಕಾಸು ವರ್ಷ ಜುಲೈ 1ಕ್ಕೆ ಆರಂಭವಾಗುತ್ತದೆ, ಅದಕ್ಕೆ ಮೊದಲು ಬಜೆಟ್ ಮೇಲೆ ಸಾರ್ವಜನಿಕ ವಿಚಾರಣೆ ನಡೆಯಲೇಬೇಕು. ಆ ವಿಚಾರಣೆಯ ಕಾರ್ಯಸೂಚಿಯಲ್ಲಿ ವಸತಿ ನಿಧಿಯನ್ನು ಪ್ರತ್ಯೇಕ ವಿಷಯವಾಗಿ ಸೇರಿಸಿ, ಕೈಬಿಟ್ಟ ಮನೆಗಳ ಪಟ್ಟಿಯನ್ನು ಅದರೊಳಗೆ ಸಿದ್ಧಪಡಿಸಲು ಆದೇಶಿಸಿ, ಹಾಗೂ ವಿಚಾರಣೆಯನ್ನು ರಾತ್ರಿ ಪಾಳಿಯವರೂ ಬಿತ್ತನೆಯಲ್ಲಿರುವ ರೈತರೂ ಬರಬಹುದಾದ ಹೊತ್ತಿಗೆ ಇಡಿ ಎಂದು ವಿನಂತಿಸುತ್ತೇನೆ. ವೃದ್ಧರ ವಸತಿಯ ಬಗ್ಗೆ ವೈದ್ಯಕೀಯ ದೃಷ್ಟಿಯಿಂದ ಮಾಹಿತಿ ಬೇಕಾದರೆ ನಾನು ಬಂದು ಹೇಳಲು ಸಿದ್ಧನಿದ್ದೇನೆ, ನನ್ನ ಸಹೋದ್ಯೋಗಿ ದಾದಿಯರೂ ಬರುವುದಾಗಿ ತಿಳಿಸಿದ್ದಾರೆ.

ತಮ್ಮ ವಿಶ್ವಾಸಿ,
ನೈಋತ್ಯ ಅಯೋವಾದ ಒಬ್ಬ ಕನ್ನಡಿಗ ವೈದ್ಯ